ಮೂರನೆಯ ದಿನದ ಕೆಮ್ಮು

ನಮ್ಮೂರಲ್ಲಿ ಕೆಮ್ಮಿದ ಕೆಮ್ಮು ಮೂರನೆಯ ದಿನ ಕೇಳಿಸುತ್ತದೆ. ಸೋಮವಾರ ಹತ್ತು ಗಂಟೆಗೆ ಬಾವಿಕಟ್ಟೆಯ ಹತ್ತಿರ ನಿಂತು ಕೆಮ್ಮಿದರೆ ಬುಧವಾರ ಹತ್ತು ಗಂಟೆಗೆ ಅದೇ ಬಾವಿಕಟ್ಟೆಯ ಹತ್ತಿರ ಸದ್ದು ಬೀಳುತ್ತದೆ, ಕೆಮ್ಮಿದವರು ಅಲ್ಲಿರಲಿ, ಇಲ್ಲದಿರಲಿ. ಸೀನಿಗೆ, ಆಕಳಿಕೆಗೆ, ಬೈಗುಳಕ್ಕೆ ಈ ತಕರಾರಿಲ್ಲ. ಕೆಮ್ಮಿಗೆ ಮಾತ್ರ. ಯಾಕೆ ಅಂತ ನನ್ನನ್ನು ಕೇಳಬೇಡಿ. ನಾನು ಆಸ್ಪತ್ರೆಯ ಕಿಟಕಿಯಲ್ಲಿ ಕೂತು ಔಷಧಿ ಕೊಡುವವಳು, ಮೂವತ್ತು ವರ್ಷದಿಂದ ಅದೇ ಕೆಲಸ, ನನಗೆ ಗೊತ್ತಿರುವುದು ಔಷಧಿಯ ಬಾಟಲಿ ಮತ್ತು ಅದರ ಅಳತೆ.

ಕೆಮ್ಮುವ ಹೊತ್ತಿಗೆ ಬಾಯಿ ತೆರೆಯುತ್ತದೆ, ಹೆಗಲು ಕುಲುಕುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಸದ್ದು ಮಾತ್ರ ಇಲ್ಲ. ಕೆಮ್ಮಿನ ನಡುವೆ ಸಿಕ್ಕಿಕೊಂಡ ಮಾತೂ ಕೆಮ್ಮಿನ ಜೊತೆಗೇ ಉಳಿದುಬಿಡುತ್ತದೆ. ನನ್ನ ಯಜಮಾನರು ಇದ್ದಾಗ ಒಂದು ದಿನ ಊಟಕ್ಕೆ ಕೂತು ಕೆಮ್ಮುತ್ತ ಕೆಮ್ಮುತ್ತ ಏನೋ ಗೊಣಗಿದರು. ಮೂರನೆಯ ದಿನ ನನ್ನ ತಂಗಿ ಅವರ ಎಲೆಗೆ ಸಾರು ಬಡಿಸುತ್ತಿದ್ದಾಗ "ಥೂ, ಇದೇನ್ ಸಾರೋ ಕಲಗಚ್ಚೋ" ಅಂತ ಅವರದೇ ದನಿಯಲ್ಲಿ ಸ್ಪಷ್ಟವಾಗಿ ಬಿತ್ತು. ಅವರ ಬಾಯಲ್ಲಿ ಆಗ ಅನ್ನ ಇತ್ತು. ನನ್ನ ತಂಗಿ ಸೌಟು ಅಲ್ಲೇ ಬಿಟ್ಟು ಸಂಜೆ ಬಸ್ಸಿಗೆ ಹೊರಟುಹೋದಳು. ಇಂಥವು ನಮ್ಮಲ್ಲಿ ಮನೆಗೊಂದು ಇವೆ, ಹೇಳಿ ನಗುತ್ತೇವೆ.

ನಗಲಾಗದ್ದೂ ಒಂದಿದೆ. ಯಾರಾದರೂ ಕೆಮ್ಮಿನಲ್ಲೇ ತೀರಿಕೊಂಡರೆ ಅವರ ಚಾಪೆಯನ್ನು ಎರಡು ದಿನ ಸುತ್ತುವುದಿಲ್ಲ. ಮನೆಯವರು ಅದರ ಸುತ್ತ ಕೂತು ಉಳಿದ ಕೆಮ್ಮಿಗೆ ಕಾಯುತ್ತಾರೆ. ಕೊನೆಯದು ಬಿದ್ದಮೇಲೆ ಹಿರಿಯರು ಯಾರಾದರೂ "ಆಯ್ತು" ಅನ್ನುತ್ತಾರೆ. ಆಮೇಲೆ ಚಾಪೆ ಸುತ್ತಿ ಒಲೆ ಹಚ್ಚುತ್ತಾರೆ.

ಆ ವರ್ಷ ಚಳಿ ಶುರುವಾಗುವುದಕ್ಕೂ ನಮ್ಮ ಆಸ್ಪತ್ರೆಗೆ ಡಾಕ್ಟರ್ ಮೆಟಿಲ್ಡಾ ಬರುವುದಕ್ಕೂ ಸರಿಹೋಯಿತು. ಸಮುದ್ರದ ಕಡೆಯವರು, ಮೂವತ್ತು ದಾಟಿರದ ಹುಡುಗಿ, ಎತ್ತರದ ಆಳು. ಮೊದಲ ವಾರ ಖಾಲಿ ಬೆಂಚಿನಿಂದ ಕೆಮ್ಮು ಬಿದ್ದಾಗಲೆಲ್ಲ ಬೆಚ್ಚಿ ಬೀಳುತ್ತಿದ್ದರು. "ಅದು ಮೊನ್ನೆ ಬಂದಿದ್ದ ಗೌಡ್ರದು, ನೀವು ಬರ್ಕೊಳಿ" ಅಂತ ನಾನೇ ಸಮಾಧಾನ ಮಾಡಿದ್ದೆ. ಹತ್ತು ದಿನದಲ್ಲಿ ಅವರೂ ಹೊಂದಿಕೊಂಡರು. ಹೊಂದಿಕೊಳ್ಳದೆ ಇದ್ದಿದ್ದರೆ ಚೆನ್ನಾಗಿತ್ತು ಅಂತ ಈಗ ಅನ್ನಿಸುತ್ತದೆ.

ಅವರು ಬರುವಾಗ ಒಂದು ಹೊಸ ಔಷಧಿ ತರಿಸಿದ್ದರು. ಮಕ್ಕಳ ಫ್ಲೂ ಜ್ವರಕ್ಕೆ. ಬಾಟಲಿಯಲ್ಲಿ ಬಿಳಿ ಪುಡಿ ಇರುತ್ತದೆ. ಕಾಯಿಸಿ ಆರಿಸಿದ ನೀರನ್ನು ಗೆರೆಯ ತನಕ ಹಾಕಿ ಕುಲುಕಿದರೆ ಸಿರಪ್ಪು ಆಗುತ್ತದೆ. ಒಮ್ಮೆ ನೀರು ಬೆರೆಸಿದರೆ ಬಹಳ ದಿನ ಇಡುವಂತಿಲ್ಲ. ಬಂದದ್ದು ಹದಿನಾಲ್ಕೇ ಬಾಟಲಿ. ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದರು, "ದೇವೀರಮ್ಮ, ಇದನ್ನು ಕಾಯಿಲೆ ಶುರುವಾಗಿ ಎರಡು ದಿನದೊಳಗೆ ಕೊಡಬೇಕು. ಆಗಲೇ ಇದರ ಕೆಲಸ ಹೆಚ್ಚು. ಬೇಗ ಕೊಟ್ಟಷ್ಟೂ ಒಳ್ಳೆಯದು. ಎಲ್ಲ ಮಕ್ಕಳಿಗೂ ಬೇಕಂತ ಇಲ್ಲ, ಎಷ್ಟೋ ಮಕ್ಕಳು ತಾವೇ ಗುಣವಾಗ್ತಾರೆ. ಆದರೆ ತೀರಾ ಸಣ್ಣ ಮಕ್ಕಳು, ದಮ್ಮು ಇರೋ ಮಕ್ಕಳು ಬಂದರೆ ಕಾಯಬೇಡಿ. ಅವರಿಗೆ ತಡವಾದರೂ ಕೊಡುವುದುಂಟು, ಆದರೆ ತಡ ಮಾಡಬಾರದು."

ನಾನು ತಲೆಯಾಡಿಸಿದೆ. ಎರಡು ದಿನ ಅನ್ನುವುದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಕಾಯಬೇಡಿ ಅನ್ನುವುದು ಕೂರಲಿಲ್ಲ.

ಎರಡು ದಿನವನ್ನು ಎಣಿಸುವುದು ಹೇಗೆ? ನಮ್ಮ ತಾಯಂದಿರನ್ನು ಕೇಳಿದರೆ "ಸಂತೆ ಆದ್ಮೇಲೆ", "ಅವರಪ್ಪ ಊರಿಂದ ಬಂದಾಗ್ನಿಂದ" ಅನ್ನುತ್ತಾರೆ. ಅದಕ್ಕೆ ನಾನು ಒಂದು ಉಪಾಯ ಮಾಡಿದೆ. ಮನೆಮನೆಗೆ ಹೋಗಿ ಒಂದೊಂದು ಖಾಲಿ ಸುಣ್ಣದ ಡಬ್ಬಿ ಕೊಟ್ಟೆ. ಮಗುವಿನ ಕೆಮ್ಮು ಕೇಳಿಸಿದ ದಿನ ಅದರೊಳಗೆ ಒಂದು ಹುಣಸೆ ಬೀಜ ಹಾಕಬೇಕು, ಮರುದಿನ ಇನ್ನೊಂದು. ಡಬ್ಬಿ ತಂದು ಕಿಟಕಿಯಲ್ಲಿ ಕೊಟ್ಟರೆ ಮಾತೇ ಬೇಡ. ಒಂದು ಬೀಜವೋ ಎರಡು ಬೀಜವೋ ಇದ್ದರೆ ಔಷಧಿ. ಡಾಕ್ಟರಿಗೆ ಹೇಳಿದಾಗ "ಎಂಥ ಚಂದದ ಉಪಾಯ ದೇವೀರಮ್ಮ!" ಅಂತ ನರ್ಸುಗಳ ಎದುರಿಗೇ ಹೊಗಳಿದರು. ಕೆಮ್ಮಿದ ದಿನ ಬೀಜ ಹಾಕುತ್ತಾರೆ ಅಂತ ಅವರು ತಿಳಿದರು. ಕೇಳಿಸಿದ ದಿನ ಹಾಕುತ್ತಾರೆ ಅಂತ ನಾನು ಬಿಡಿಸಿ ಹೇಳಲಿಲ್ಲ. ನಮ್ಮೂರಲ್ಲಿ ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಕೇಳಿಸುವ ಮುಂಚೆ ಮಗುವಿಗೆ ಕೆಮ್ಮು ಬಂದಿದೆ ಅಂತ ಬಾಯಲ್ಲಿ ಹೇಳಿದರೆ ಕೆಮ್ಮನ್ನು ಕೂಗಿ ಕರೆದಂತೆ ಅಂತ ನಮ್ಮ ಅಜ್ಜಿಯರ ಕಾಲದಿಂದ ಹೆದರಿಕೆ. ಮೈ ಬಿಸಿಯಾದರೆ ಹಲ್ಲಿನ ಕಾವು, ಬಿಸಿಲಿನ ಕಾವು ಅನ್ನುತ್ತೇವೆ. ಕೆಮ್ಮು ಕೇಳಿಸಿದ ದಿನವೇ ಕಾಯಿಲೆಯ ಮೊದಲ ದಿನ.

ಹೊಗಳಿಸಿಕೊಂಡ ಮೇಲೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಿಟಕಿಯ ಮೇಲೆ ಒಂದು ರಟ್ಟು ಹಾಕಿದೆ, "ಬೀಜವಿಲ್ಲದೆ ಔಷಧಿ ಇಲ್ಲ." ಓದು ಬಾರದವರಿಗಾಗಿ ಕೆಳಗೆ ಒಂದು ಹುಣಸೆ ಬೀಜ ಅಂಟಿಸಿದೆ.

ನನ್ನ ಮನೆಯ ಗೋಡೆಗೆ ಅಂಟಿದ ಮನೆ ಹೊನ್ನಮ್ಮನದು. ಅವಳೂ ಅವಳ ಗಂಡ ಜವರಯ್ಯನೂ ಕಡಲೆಪುರಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಅವಳ ಮದುವೆಗೆ ಅರಿಸಿನ ಹಚ್ಚಿದವಳು ನಾನು, ಅವಳ ಎರಡೂ ಬಾಣಂತನಕ್ಕೆ ನೀರು ಹುಯ್ದವಳು ನಾನು. ನನ್ನನ್ನು ದೊಡ್ಡವ್ವ ಅನ್ನುತ್ತಾಳೆ, ನಾನು ಹೊನ್ನಿ ಅನ್ನುತ್ತೇನೆ. ದೊಡ್ಡದು ಹೆಣ್ಣು, ಸಂಪಿ, ಐದು ತುಂಬಿ ಆರಕ್ಕೆ ಬಿದ್ದಿದ್ದಳು. ಚಿಕ್ಕದು ಗಂಡು, ಮಾದೇಶ, ಹತ್ತು ತಿಂಗಳು. ಸಂಪಿಗೆ ಹುಟ್ಟಿದಾಗಿನಿಂದ ದಮ್ಮು. ಭಟ್ಟಿಯ ಹೊಗೆ ಆಗುವುದಿಲ್ಲ ಅಂತ ಹಗಲೆಲ್ಲ ನನ್ನ ಕಿಟಕಿಯ ಕೆಳಗೆ ಬಂದು ಆಡಿಕೊಳ್ಳುತ್ತಿದ್ದಳು. ಕಿಟ್ಕಿ ಅಜ್ಜಿ ಅಂತ ನನಗೆ ಹೆಸರಿಟ್ಟವಳು ಅವಳೇ. ಈಗ ಊರಿಗೆ ಊರೇ ಹಾಗೆ ಕರೆಯುತ್ತದೆ.

ಡಬ್ಬಿಗಳಿಂದ ಸುರಿದ ಹುಣಸೆ ಬೀಜಗಳನ್ನು ನಾನು ಒಂದು ಬಟ್ಟಲಿಗೆ ಹಾಕಿಡುತ್ತಿದ್ದೆ. ಸಂಪಿಗೆ ಅದರ ಮೇಲೆ ಕಣ್ಣು. "ಕಿಟ್ಕಿ ಅಜ್ಜಿ, ನಾಕೇ ನಾಕು ಕೊಡು" ಅಂತ ಇಸಿದುಕೊಂಡು ಆಸ್ಪತ್ರೆಯ ಕಲ್ಲು ಮೆಟ್ಟಿಲ ಮೇಲೆ ಕೂತು ಒಂದೊಂದನ್ನೇ ಒಂದು ಮಗ್ಗುಲು ಬೆಳ್ಳಗಾಗುವ ತನಕ ಉಜ್ಜುತ್ತಿದ್ದಳು, ಚೌಕಾಬಾರ ಆಡುವುದಕ್ಕೆ. ಉಜ್ಜುವಾಗ ನಾಲಿಗೆ ಒಂದಿಷ್ಟು ಹೊರಗೆ ಬರುತ್ತಿತ್ತು. ಬೀಜ ಬಿಸಿಯಾದಾಗ ಪಕ್ಕದಲ್ಲಿ ನಿಂತವರ ಕೈಗೆ ಮುಟ್ಟಿಸಿ ಓಡಿಹೋಗುತ್ತಿದ್ದಳು. ನನಗೆ ಎಷ್ಟು ಸಲ ಸುಟ್ಟಿದ್ದಾಳೋ ಕಳ್ಳಿ.

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ. ಡಾಕ್ಟರು ಮೀಟಿಂಗಿಗೆ ಅಂತ ಸೋಮವಾರವೇ ಹೋಗಿದ್ದರು, ಬುಧವಾರ ಬರುವವರು. ಔಷಧಿಯ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಕಿಟಕಿಯ ಮುಂದೆ ಸಾಲಿತ್ತು. ಹೊನ್ನಿ ಸಂಪಿಯ ಕೈ ಹಿಡಿದುಕೊಂಡು, ಮಾದೇಶನನ್ನು ಸೊಂಟಕ್ಕೆ ಏರಿಸಿಕೊಂಡು ಬಂದಳು. ಅವಳ ಮುಖ ನೋಡಿಯೇ ಏನೋ ಗಡಿಬಿಡಿ ಅಂತ ಗೊತ್ತಾಯಿತು.

"ದೊಡ್ಡವ್ವ, ಆ ಪುಡಿ ಔಸ್ತಿ ಕೊಡು" ಅಂದಳು.

"ಡಬ್ಬಿ ಎಲ್ಲಿ?"

ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. "ಇನ್ನೂ ಕೇಳಿಸ್ಲಿಲ್ಲ. ನಿನ್ನೆ ಮಧ್ಯಾನದಿಂದ ಬೆನ್ನು ಅಲುಗ್ತಾ ಐತೆ. ಮೈ ಕೆಂಡ. ಇದು ಅದೇ ಕಣ್ ದೊಡ್ಡವ್ವ, ನಂಗೊತ್ತಾಗ್ತೈತೆ."

ಸಾಲಿನಲ್ಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕೇಳಿಸದ ಕೆಮ್ಮನ್ನು ಬಾಯಿಬಿಟ್ಟು ಹೇಳಿದಳಲ್ಲ ಅಂತ ಒಬ್ಬಳು ನೆಟಿಗೆ ಮುರಿದಳು. ನನಗೆ ಸಿಟ್ಟು ಬಂತು. ನನ್ನವಳು ಅಂತಲೇ ಹೆಚ್ಚು ಸಿಟ್ಟು ಬಂತು. ಅವಳಿಗೊಂದು ನ್ಯಾಯ, ಬೇರೆಯವರಿಗೊಂದು ನ್ಯಾಯ ಮಾಡಿದೆ ಅಂತ ನಾಳೆ ಇವರೇ ಆಡಿಕೊಳ್ಳುವುದಿಲ್ಲವೇ?

"ಬಿಕ್ಕಳಿಕೆ ಇರ್ಬೋದು. ಕೆಮ್ಮು ಕೇಳಿಸ್ತಾ? ಇಲ್ಲ ತಾನೆ? ಕೇಳಿಸಿದ್ ದಿನ ಬಾ. ನಿಂಗೇ ಮೊದಲು ಕೊಡ್ತೀನಿ."

"ಬೆನ್ನು ಮುಟ್ಟಿ ನೋಡು ದೊಡ್ಡವ್ವ, ಒಂದ್ಸಲ."

ಮುಟ್ಟಬೇಕಾದರೆ ನಾನು ಎದ್ದು ಬಾಗಿಲು ದಾಟಿ ಸುತ್ತಿಕೊಂಡು ಹೊರಗೆ ಬರಬೇಕಿತ್ತು. ಹದಿನೈದು ಹೆಜ್ಜೆ. ನಾನು ಏಳಲಿಲ್ಲ. ತಲೆ ತಗ್ಗಿಸಿ ಜ್ವರದ ಮಾತ್ರೆಯನ್ನು ಕಾಗದದಲ್ಲಿ ಮಡಚತೊಡಗಿದೆ. ಆಗ ಕಿಟಕಿಯ ಕಟ್ಟೆಯ ಮೇಲೆ ಒಂದು ಪುಟ್ಟ ಕೈ ಬಂತು. ಅಂಗೈಯಲ್ಲಿ ಒಂದು ಬೀಜ, ಒಂದು ಮಗ್ಗುಲು ಉಜ್ಜಿ ಬೆಳ್ಳಗೆ ಮಾಡಿದ್ದು.

"ಅದು ಆಟದ್ ಬೀಜ ಕಣೆ. ಅದು ನಡೆಯಲ್ಲ" ಅಂದೆ. ಸಾಲಿನವರು ನಕ್ಕರು. ನಾನೂ ನಕ್ಕೆ. ಕೈ ಕೆಳಗಿಳಿಯಿತು.

ಕಿಟಕಿಯ ಕಟ್ಟೆ ಎತ್ತರ. ಸಂಪಿ ಅದರ ಕೆಳಗೆ ನಿಂತರೆ ನನಗೆ ಅವಳ ತಲೆಯ ಬೈತಲೆ ಮಾತ್ರ ಕಾಣುತ್ತದೆ. ಆ ಬೈತಲೆ ಎರಡು ಸಲ ಅಲುಗಿದ್ದು ಕಂಡೆ. ಕಂಡದ್ದು ಸುಳ್ಳಲ್ಲ. ಕುಣಿಯುತ್ತಿದ್ದಾಳೆ ಅಂದುಕೊಂಡೆ, ಮುಂದಿನವರನ್ನು ಕರೆದೆ.

ಬುಧವಾರ ಮಧ್ಯಾಹ್ನ ಒಂದು ಗಂಟೆಗೆ ಹೊನ್ನಿ ಓಡಿಕೊಂಡು ಬಂದಳು. ಈ ಸಲ ಸಂಪಿ ಅವಳ ಹೆಗಲ ಮೇಲಿದ್ದಳು, ಮಾದೇಶ ಬೆನ್ನಿಗೆ ಕಟ್ಟಿದ ಬಟ್ಟೆಯಲ್ಲಿದ್ದ. ಹೊನ್ನಿ ಡಬ್ಬಿಯನ್ನು ಮುಂದೆ ಚಾಚಿಕೊಂಡೇ ಬಂದಳು. "ಕೇಳಿಸ್ತು ದೊಡ್ಡವ್ವ, ಈಗ ಕೇಳಿಸ್ತು, ಒಲೆ ತಾವ." ಡಬ್ಬಿ ತೆಗೆದರೆ ಒಂದು ಬೀಜ. ಬೆಳ್ಳಗೆ ಉಜ್ಜಿದ್ದು. ನಾನು ಅದನ್ನು ಈ ಸಲ ಒಪ್ಪಿಕೊಂಡೆ.

ಡಾಕ್ಟರು ಆಗ ತಾನೆ ಬಂದಿದ್ದರು. "ಮೊದಲನೇ ದಿನ ಡಾಕ್ಟ್ರೇ, ಒಂದೇ ಬೀಜ" ಅಂದೆ. ಅಷ್ಟು ಹೆಮ್ಮೆಯಿಂದ ಅಂದೆ. ಅವರು ಸಂಪಿಯ ಅಂಗಿ ಎತ್ತಿದರು. ಉಸಿರಿಗೊಮ್ಮೆ ಪಕ್ಕೆಲುಬಿನ ಸಂದುಗಳು ಒಳಕ್ಕೆ ಹೋಗುತ್ತಿದ್ದವು. ತುಟಿ ನೇರಳೆ ತಿಂದವರ ತುಟಿ. ಹೆಗಲು ಮತ್ತೆ ಮತ್ತೆ ಕುಲುಕುತ್ತಿತ್ತು, ಸದ್ದಿಲ್ಲದೆ.

"ಇದು ಮೊದಲ ದಿನ ಅಲ್ಲ" ಅಂದರು ಡಾಕ್ಟರು.

"ಇಲ್ಲ ಡಾಕ್ಟ್ರೇ, ಇವತ್ತೇ ಕೇಳಿಸಿದ್ದು..." ಅನ್ನುತ್ತ ಅನ್ನುತ್ತ ನನ್ನ ಬಾಯಿ ನಿಂತುಹೋಯಿತು. ಅವರು ನನ್ನ ಮುಖ ನೋಡಿದರು. "ಕೇಳಿಸಿದ್ದಾ?" ಅಂದರು. "ಬೀಜ ಹಾಕುವುದು ಕೇಳಿಸಿದ ದಿನವಾ?" ನಾನು ಹೌದು ಅಂದೆ. ಅವರು ಬೈಯಲಿಲ್ಲ. "ಪುಡಿಗೆ ನೀರು ಬೆರೆಸಿ, ಬೇಗ" ಅಂದರು.

ಬೆರೆಸಿದೆ. ಅವಸರದಲ್ಲಿ ನೀರು ಗೆರೆ ದಾಟಿತು, ಇನ್ನೊಂದು ಬಾಟಲಿ ತೆರೆದೆ. ಮೊದಲು ಕುಡಿಸಿದ್ದನ್ನು ಸಂಪಿ ವಾಂತಿ ಮಾಡಿಕೊಂಡಳು. ಮತ್ತೆ ಕುಡಿಸಿದರು. ಮೂಗು ಬಾಯಿಗೆ ಮಾಸ್ಕು ಹಾಕಿ ಒಳಗಿನ ಮೂಲೆಯ ಮಂಚದ ಮೇಲೆ ಮಲಗಿಸಿದರು. ಮೂರು ಗಂಟೆಗೆ ದೊಡ್ಡ ಆಸ್ಪತ್ರೆಗೆ ವ್ಯಾನು ಸಿಕ್ಕಿತು. ಡಾಕ್ಟರೇ ಜೊತೆಗೆ ಹತ್ತಿದರು. ಮಾದೇಶನನ್ನು ನನ್ನ ಕೈಗೆ ಕೊಡುವಾಗ ಹೊನ್ನಿ "ಭಟ್ಟಿಗೆ ಹೇಳಿ ಅವರಪ್ಪನ್ನ ಕರೆಸು ದೊಡ್ಡವ್ವ" ಅಂದಳು. ಅಷ್ಟೇ ಅಂದಳು. ನಿನ್ನೆ ಕೊಟ್ಟಿದ್ದರೆ ಅಂತ ಒಂದು ಮಾತು ಅವಳ ಬಾಯಿಂದ ಬರಲಿಲ್ಲ.

ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ದೊಡ್ಡ ಆಸ್ಪತ್ರೆಯಿಂದ ಫೋನು ಬಂತು. ಸಂಪಿ ಇಲ್ಲ ಅಂದರು ಡಾಕ್ಟರು. ಬೆಳಗಿನ ಜಾವ ಹೋಯಿತಂತೆ. "ನಾವು ಬರುವುದು ಮಧ್ಯಾಹ್ನ ಆಗುತ್ತದೆ, ಕಿಟಕಿ ಮುಚ್ಚಬೇಡಿ ದೇವೀರಮ್ಮ, ಬೇರೆ ಮಕ್ಕಳಿದ್ದಾರೆ" ಅಂದರು.

ನಾನು ಕಿಟಕಿ ತೆಗೆದು ಕೂತೆ. ಸಾಲು ನಿಂತಿತ್ತು. ಸುದ್ದಿ ಆಗಲೇ ಮುಟ್ಟಿತ್ತು. ಮೊದಲ ಹೆಂಗಸು ಡಬ್ಬಿ ಚಾಚಿದಳು. ನಾನು ಅದರ ಮುಚ್ಚಳ ತೆಗೆಯುತ್ತಿದ್ದೆ. ಗೋಡೆ ಗಡಿಯಾರ ಹತ್ತು ಹೊಡೆದು ಸ್ವಲ್ಪ ಹೊತ್ತಾಗಿತ್ತು.

ಕಿಟಕಿಯ ಕಟ್ಟೆಯ ಕೆಳಗಿನಿಂದ ಕೆಮ್ಮು ಬಿತ್ತು. ಸಣ್ಣ ಒಣ ಕೆಮ್ಮು. ಆಮೇಲೆ ಇನ್ನೊಂದು. ಎರಡರ ನಡುವೆ ಸಂಪಿಯ ದನಿ:

"ಈಗ ಕೆಮ್ಮಿದೆ ಕಿಟ್ಕಿ ಅಜ್ಜಿ. ಕೇಳಿಸ್ತಾ?"

ಅಯ್ಯೋ, ನನ್ನ ಕೈಯಲ್ಲಿದ್ದ ಡಬ್ಬಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಬೀಜಗಳು ನೆಲದ ಮೇಲೆ ಉರುಳಿದವು. ನಾನು ಕಟ್ಟೆಯ ಮೇಲೆ ಬಗ್ಗಿ ಕೆಳಗೆ ನೋಡಿದೆ, ಹುಚ್ಚಿಯ ಹಾಗೆ, ಅಲ್ಲಿ ಅವಳ ಬೈತಲೆ ಕಾಣುತ್ತದೆ ಅಂತ. ಮಂಗಳವಾರ ನಾನು ಹೊನ್ನಿಗೆ ಕೇಳಿದ ಪ್ರಶ್ನೆಗೆ ಮಗು ಅಲ್ಲೇ ನಿಂತು ಉತ್ತರ ಕೊಟ್ಟಿತ್ತು. ಬೀಜ ನಡೆಯುವುದಿಲ್ಲ ಅಂದೆನಲ್ಲ, ಅದಕ್ಕೆ ಕೆಮ್ಮಿಯೇ ತೋರಿಸಿತ್ತು. ಸಾಲಿನಲ್ಲಿ ಮಂಗಳವಾರ ನಕ್ಕಿದ್ದ ಹೆಂಗಸರಲ್ಲಿ ಮೂವರು ಅವತ್ತೂ ಇದ್ದರು. ಒಬ್ಬಳು ಸೆರಗು ಬಾಯಿಗಿಟ್ಟುಕೊಂಡು ಗೋಡೆಗೆ ಒರಗಿದಳು.

ನಾನು ಎದ್ದೆ. ಬಾಗಿಲು ದಾಟಿ ಸುತ್ತಿಕೊಂಡು ಹೊರಗೆ ಬಂದೆ. ಹದಿನೈದು ಹೆಜ್ಜೆಯೇ, ಎಣಿಸಿದೆ. ರಟ್ಟು ಕಿತ್ತು ಹಾಕಿದೆ. "ಡಬ್ಬಿ ಬ್ಯಾಡ, ಬೀಜ ಬ್ಯಾಡ, ಮಕ್ಕಳನ್ನ ಇಲ್ಲಿ ತನ್ನಿ" ಅಂದೆ. ಒಂದೊಂದು ಮಗುವಿನ ಬೆನ್ನ ಮೇಲೂ ಕೈಯಿಟ್ಟು ನೋಡಿದೆ. ಕೈಗೆ ತಿಳಿಯುತ್ತದೆ. ಬಿಕ್ಕಳಿಕೆ ಬೇರೆ, ಅಳು ಬೇರೆ, ಇದು ಬೇರೆ. ಇಷ್ಟು ಸುಲಭದ್ದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮೂರು ಮಕ್ಕಳನ್ನು ಬೇರೆ ಕೂರಿಸಿ, ಡಾಕ್ಟರಿಗೆ ಫೋನು ಮಾಡಿ, ಅವರು ಹೇಳಿದ ಇಬ್ಬರಿಗೆ ಆಗಲೇ ಔಷಧಿ ಕುಡಿಸಿದೆ. ಸಂಜೆಯೊಳಗೆ ಊರಿನ ಎಲ್ಲ ಕೇರಿಗೂ ಆಳು ಕಳಿಸಿ ಹೇಳಿಸಿದೆ, ಮೈ ಬಿಸಿಯಾಗಿ ಬೆನ್ನು ಅಲುಗಿದರೆ ಕೂಡಲೇ ಬನ್ನಿ, ಕೇಳಿಸುವ ತನಕ ಕಾಯಬೇಡಿ ಅಂತ.

ಒಂದು ಮನೆಗೆ ಮಾತ್ರ ಹೇಳಿಸಲಿಲ್ಲ. ಸಾವಿನ ಮನೆಗೆ ಯಾರ ಕೈಲಿ ಏನಂತ ಹೇಳಿ ಕಳಿಸಲಿ? ನಾನೇ ಹೋಗಬೇಕಿತ್ತು. ಮಧ್ಯಾಹ್ನ ಮಣ್ಣಿಗೆ ಹೋದೆ, ಹಿಂದೆ ನಿಂತಿದ್ದು ಬಂದೆ. ಹೊನ್ನಿಯ ಎದುರಿಗೆ ಹೋಗಿ ನಿಲ್ಲುವ ಧೈರ್ಯ ನನಗೆ ಬರಲಿಲ್ಲ. ಗೋಡೆಯಾಚೆ ಅವರೆಲ್ಲ ಚಾಪೆಯ ಸುತ್ತ ಕೂತಿದ್ದರು. ಒಲೆಯ ಹತ್ತಿರ, ಹೊಸ್ತಿಲ ಹತ್ತಿರ, ತೊಟ್ಟಿಲ ಪಕ್ಕ ಸಂಪಿಯ ಕೆಮ್ಮು ಬೀಳುತ್ತಿತ್ತು. ನಾನು ನನ್ನ ಅಡುಗೆಮನೆಯಲ್ಲಿ ಕೂತು ಕೇಳಿಸಿಕೊಂಡೆ.

ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ ಅವರ ಮನೆಯ ಕೆಮ್ಮು ಮುಗಿಯಿತು. ಬುಧವಾರ ಆ ಹೊತ್ತಿಗೇ ಅಲ್ಲವೇ ಹೊನ್ನಿ ಮಗುವನ್ನು ಹೊತ್ತುಕೊಂಡು ಹೊರಟದ್ದು. ಹಿರಿಯರು ಆಯ್ತು ಅಂದರು, ಚಾಪೆ ಸುತ್ತಿದರು. ಆದರೆ ಆಸ್ಪತ್ರೆಯ ಮೂಲೆಯ ಮಂಚದಲ್ಲಿ ಇನ್ನೂ ಎರಡು ಗಂಟೆಯ ಕೆಮ್ಮು ಬಾಕಿ ಇತ್ತು. ಅದು ನೆನಪಿದ್ದದ್ದು ನನಗೆ ಮತ್ತು ಹೊನ್ನಿಗೆ. ಒಂದೂಕಾಲಿಗೆ ಮಾದೇಶನನ್ನು ಎತ್ತಿಕೊಂಡು ಅವಳು ಒಬ್ಬಳೇ ಬಂದಳು. ನಾನು ಮಂಚದ ಹತ್ತಿರ ಒಂದು ಸ್ಟೂಲು ಇಟ್ಟಿದ್ದೆ. ಅವಳು ಸ್ಟೂಲಿನ ಮೇಲೆ ಕೂರಲಿಲ್ಲ, ನೆಲದ ಮೇಲೆ ಕೂತು ಮಂಚಕ್ಕೆ ತಲೆಯಾನಿಸಿದಳು. ನಾನು ಪಕ್ಕದಲ್ಲಿ ಕೂತೆ.

ಕೆಮ್ಮು ಬೀಳತೊಡಗಿತು. ಬಾಯಿಗೆ ಮಾಸ್ಕು ಇತ್ತಲ್ಲ, ಮಾತಿರಲಿಲ್ಲ. ಬರೀ ಕೆಮ್ಮು, ನಡುನಡುವೆ ಬಹಳ ಹೊತ್ತು ಏನೂ ಇಲ್ಲ.

"ಹೊಳೆ ಸೇತುವೆ ದಾಟಿದ್ ಕೂಡ್ಲೆ" ಅಂದಳು ಹೊನ್ನಿ, ಯಾರಿಗೋ ಹೇಳುವವಳ ಹಾಗೆ, "ಅವಳು ಕೆಮ್ಮಿದ್ ಹೊತ್ಗೇ ಕೇಳಿಸ್ತು ದೊಡ್ಡವ್ವ. ಬಾಯಿ ತೆಗುದ್ಲು, ಕೇಳಿಸ್ತು. ಆಗ್ಲೇ. ಊರಾಚೆ ಎಲ್ಲಾ ಹಂಗೇ ಅಂತೆ. ನಾನು ಅವಳ ಎದೆ ಮೇಲೆ ಕೈ ಇಟ್ಕಂಡು ಕೂತಿದ್ದೆ. ಅಷ್ಟೊಂದ್ ನೋವಾಗ್ತಿತ್ತು ಅಂತ ನಂಗೆ ಅಲ್ಲೀಗಂಟ ಗೊತ್ತಿರ್ಲಿಲ್ಲ."

ನಾನು ಅವಳ ಕೈ ಹಿಡಿದುಕೊಂಡೆ. "ನಂದೇ ತಪ್ಪು ಹೊನ್ನಿ. ನಾನು ಕೊಡ್ಬೇಕಿತ್ತು. ಎದ್ದು ಬಂದು ಮುಟ್ಟಿ ನೋಡ್ಬೇಕಿತ್ತು" ಅಂದೆ. ಅಳು ನುಗ್ಗಿ ಬಂತು. ಅವಳು ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

ಮಂಚದಿಂದ ಮತ್ತೊಂದು ಕೆಮ್ಮು ಬಿತ್ತು. ತಾಯಿಯ ಮಡಿಲಲ್ಲಿ ಸುಮ್ಮನೆ ಮಲಗಿದ್ದ ಮಾದೇಶ ತಲೆ ಎತ್ತಿದ. ಅದು ಅಕ್ಕನ ಕೆಮ್ಮು ಅಂತ ಅವನಿಗೆ ಗೊತ್ತಾಯಿತು. ಮಡಿಲಿನಿಂದ ಜಾರಿ, ತೆವಳಿಕೊಂಡು ಹೋಗಿ, ಮಂಚದ ಕೆಳಗೆ ಬಗ್ಗಿ ನೋಡಿದ. ಹೊನ್ನಿ ಅವನನ್ನು ಇಲ್ಲಿಗೆ ಕರೆತಂದಾಗಲೆಲ್ಲ ಸಂಪಿ ಅಲ್ಲೇ ಅಡಗಿ ಕೂತು ಅವನನ್ನು ಆಡಿಸುತ್ತಿದ್ದಳಲ್ಲ. ಅಲ್ಲಿ ಯಾರೂ ಇರಲಿಲ್ಲ. ಅವನು ಈ ಕಡೆಯಿಂದ ಒಮ್ಮೆ, ಆ ಕಡೆಯಿಂದ ಒಮ್ಮೆ ಬಗ್ಗಿ ನೋಡಿದ, ನಗುತ್ತ. ಆಮೇಲೆ ಅವನ ಬಾಯಿ ತೆರೆಯಿತು, ಕಣ್ಣು ಮುಚ್ಚಿತು, ಸದ್ದಿಲ್ಲದೆ ಬೆನ್ನು ಕುಲುಕಿತು.

ನಾನು ಮಗುವನ್ನು ಬಾಚಿಕೊಂಡೆ. ಮೈ ಸುಡುತ್ತಿತ್ತು. ಬೆನ್ನ ಮೇಲೆ ಕೈಯಿಟ್ಟರೆ ಅಂಗೈಯೊಳಗೆ ಮತ್ತೆ ಕುಲುಕಿತು. "ಡಾಕ್ಟ್ರೇ!" ಅಂತ ಕೂಗಿದೆ. ಅವರು ಓಡಿ ಬಂದರು, ಎದೆ ನೋಡಿದರು, ತಕ್ಕಡಿಯಲ್ಲಿ ಮಲಗಿಸಿ ತೂಕ ನೋಡಿದರು, ತೂಕಕ್ಕೆ ತಕ್ಕಂತೆ ಎಷ್ಟು ಕುಡಿಸಬೇಕು ಅಂತ ಚೀಟಿಯಲ್ಲಿ ಬರೆದರು. "ಶುರುವಾಗಿ ಎಷ್ಟು ಹೊತ್ತಾಯಿತು?" ಅಂತ ಕೇಳಿದರು.

ನಾನು ಹೊನ್ನಿಯ ಕಡೆ ತಿರುಗಿದೆ. ಅವಳು ಮಂಚದ ಕಾಲು ಹಿಡಿದುಕೊಂಡು ಎದ್ದು ನಿಂತಿದ್ದಳು.

"ನಿನ್ನೆ ಸಂಜೆಯಿಂದ ಅಲುಗ್ತಾ ಐತೆ" ಅಂದಳು. "ಕೇಳಿಸ್ಲಿ ಅಂತ ಕಾಯ್ತಿದ್ದೆ."

ನಾನು ಒಳಗೆ ಓಡಿ ಬಾಟಲಿ ತೆರೆದೆ. ಗೆರೆಯ ತನಕ ನೀರು ಹಾಕಿ ಕುಲುಕಿದೆ, ಸೂಜಿಯಿಲ್ಲದ ಸಿರಿಂಜಿಗೆ ಚೀಟಿಯಲ್ಲಿದ್ದಷ್ಟನ್ನೇ ಎಳೆದು ತಂದೆ. ಇನ್ನೂ ಒಂದು ದಿನ ತುಂಬಿರಲಿಲ್ಲ, ಹೊತ್ತಿತ್ತು, ಬೇಕಾದಷ್ಟು ಹೊತ್ತಿತ್ತು. ಮಾದೇಶ ಬದುಕುತ್ತಾನೆ ಅಂತ ಡಾಕ್ಟರ ಮುಖದಲ್ಲೇ ಬರೆದಿತ್ತು. ಅವನು ಬದುಕಿದ, ಈಗ ಶಾಲೆಗೆ ಹೋಗುತ್ತಾನೆ.

ಆದರೆ ಅವತ್ತು ನಾನು ಸಿರಿಂಜು ಹಿಡಿದುಕೊಂಡು ಮಗುವಿನ ಕೆನ್ನೆ ಒತ್ತಿ ಬಾಯಿ ತೆರೆಸಿದಾಗ ಹೊನ್ನಿ ನನ್ನ ಮೊಣಕೈ ಮುಟ್ಟಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಚುಚ್ಚುವ ಮಾತೂ ಅದಾಗಿರಲಿಲ್ಲ. ಆಗಿದ್ದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ನಿಯಮ ತಿಳಿಯದೆ ಒಮ್ಮೆ ತಪ್ಪು ಮಾಡಿ, ಈ ಸಲ ಸರಿಯಾಗಿ ಕಲಿತುಕೊಂಡು ಬಂದವಳ ಹಾಗೆ ಅವಳು ಮುಷ್ಟಿ ಬಿಚ್ಚಿ ನನ್ನ ಮುಂದೆ ಚಾಚಿದಳು. ಬೆವರಿದ ಅಂಗೈಯಲ್ಲಿ ಒಂದು ಹುಣಸೆ ಬೀಜ ಇತ್ತು, ಉಜ್ಜದ್ದು, ಎರಡು ಮಗ್ಗುಲೂ ಕಪ್ಪಗಿದ್ದದ್ದು.

"ಆಟದ್ದಲ್ಲ ದೊಡ್ಡವ್ವ" ಅಂದಳು. "ಇದು ನಡೀತೈತಾ?"